ಮಸ್ಕಿಯ ಆಟೊದಲ್ಲಿ ಬಯಲಾದದ್ದು

ಮಸ್ಕಿಯಿಂದ ಸಂತೆಕಲ್ಲೂರಿಗೆ ಹೊರಟ ಶೇರ್ ಆಟೊದಲ್ಲಿ ನನ್ನೆದುರು ಕುಳಿತ ಇಬ್ಬರು ಹಿರಿಯರು ಬೀಗರಾಗಲಿದ್ದವರು. ಮಕ್ಕಳ ಲಗ್ನಕ್ಕೆ ದಿನ ಕೇಳಲು ಮಠದ ಅಯ್ಯನವರಲ್ಲಿಗೆ ಹೊರಟಿದ್ದರು. ಮಾತು ಮಾತ್ರ ದೆಹಲಿಯದು. ಹೊರದೇಶದಲ್ಲಿರುವ ನಮ್ಮ ರಾಯಭಾರಿಯೊಬ್ಬ ಅಲ್ಲಿನ ಮಂತ್ರಿಯನ್ನು ಹಳಿದು ಬರೆದ ಗುಪ್ತ ಪತ್ರ ಸೋರಿಕೆಯಾಗಿ, ಬೆಳಗಿನಿಂದ ಎಲ್ಲರ ಮೊಬೈಲಿನಲ್ಲೂ ಅದೇ ಸುದ್ದಿ.

"ಎದುರಿಗೆ ನಕ್ಕೋತ ಕೈ ಕುಲುಕೂದು, ಹಿಂದ ಹಿಂಗ ಬರಿಯೂದು. ಹೊರಗ ಬಂದಿದ್ದ ಚಲೋ ಆತು," ಎಂದರು ಹುಡುಗಿಯ ತಂದೆ.

"ಹಂಗಲ್ರೀ ಬೀಗ್ರ. ಒಳಗಿನ ಮಾತು ಒಳಗ ಇರಬೇಕು. ಇಲ್ಲಾಂದ್ರ ಸಂಬಂಧ ಉಳಿಯಂಗಿಲ್ಲ," ಎನ್ನುತ್ತ ಹುಡುಗನ ತಂದೆ ಆಗಷ್ಟೇ ಬಂದ ಹೆಂಡತಿಯ ವಾಯ್ಸ್ ಮೆಸೇಜ್ ಒತ್ತಿದರು. ಈ ಕಡೆ ಮೊಬೈಲನ್ನು ಕಿವಿಗೆ ಹಿಡಿಯುವವರು ಕಡಿಮೆ. ಆಟೊದ ಸದ್ದಿಗೆಂದು ಸ್ಪೀಕರ್ ಪೂರಾ ಏರಿಸಿಯೇ ಇರುತ್ತಾರೆ.

"ಹುಡುಗಿ ಅಪ್ಪ ಏನಂದ್ರೂ ಹೂಂ ಅನ್ರಿ. ಲಗ್ನ ಒಂದು ಆಗಲಿ. ಆಮ್ಯಾಲ ಅಕಿನ್ನ ತವರಿಗೆ ಕಳಸಂಗಿಲ್ಲ, ಆ ಮಂದಿನ್ನ ನಮ್ಮ ಹೊಸ್ತಿಲ ತುಳಿಯಾಕ ಬಿಡಂಗಿಲ್ಲ."

ಹುಡುಗನ ತಂದೆಯ ಬೆರಳು ಮೊಬೈಲಿನ ಮೇಲೆ ಸುಮ್ಮನೆ ತಡಕಾಡುತ್ತಿತ್ತು. ಚಾಲಕನಿಗೂ ಕೇಳಿಸಿತ್ತು, ಜೋಳದ ಹೊಲದ ಪಕ್ಕ ಆಟೊ ನಿಲ್ಲಿಸಿ ಎಂಜಿನ್ ಆರಿಸಿಬಿಟ್ಟ.

ಹುಡುಗಿಯ ತಂದೆ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. ದನಿ ಏರಿಸಲಿಲ್ಲ.

"ಈಗ ಸಪ್ಪಳ ಇಲ್ಲ. ಇನ್ನೊಮ್ಮಿ ಹಚ್ಚರಿ ಬೀಗ್ರ."