ಒಂಬತ್ತನೇ ತರಗತಿಯ ಕೈಮಾತು

ಬೀದರಿನ ಶೈಸ್ತಾಗೆ ಭಾಲ್ಕಿಯ ಒಂದು ಪ್ರೌಢಶಾಲೆಯಲ್ಲಿ ಸಂಜ್ಞೆ ಭಾಷೆಯ ದುಭಾಷಿ ಕೆಲಸ ಸಿಕ್ಕಾಗ ಅವಳ ತಾಯಿ ಕುಲಸುಮಬೀಗೆ ನಂಬಿಕೆಯೇ ಬರಲಿಲ್ಲ. ಶೈಸ್ತಾಳ ತಮ್ಮ ಜುನೈದನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವನ ಜೊತೆ ಮನೆಯವರೆಲ್ಲ ಕೈಯಲ್ಲೇ ಮಾತಾಡಿ, ಕೈಯಲ್ಲೇ ಜಗಳಾಡಿ, ಕೈಯಲ್ಲೇ ರಾಜಿಯಾಗುತ್ತ ಬಂದಿದ್ದರು.

"ಘರ್ ಮೆಂ ಮುಫತ್ ಕರತೇ ಸೋ ಕಾಮ್ ಕು ಪಗಾರ್ ದೇತೆ ಕ್ಯಾ?" ಎಂದರು ಕುಲಸುಮಬೀ. ಮನೆಯಲ್ಲಿ ಪುಕ್ಕಟೆ ಮಾಡುವ ಕೆಲಸಕ್ಕೂ ಸಂಬಳವೇ ಎಂದು ಅವರ ಬೆರಗು.

ಶಾಲೆಯಲ್ಲಿ ಕಿವಿ ಕೇಳದ ವಿದ್ಯಾರ್ಥಿನಿ ಒಬ್ಬಳೇ, ಒಂಬತ್ತನೇ ತರಗತಿಯ ಮಾಯಾ. ಖಟಕ ಚಿಂಚೋಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮೇಷ್ಟ್ರು ಹೇಳಿದ್ದನ್ನು ಅವಳಿಗೆ ಕೈಯಲ್ಲಿ ಹೇಳುವುದು, ಅವಳು ಕೈಯಲ್ಲಿ ಹೇಳಿದ್ದನ್ನು ಎಲ್ಲರಿಗೂ ಬಾಯಲ್ಲಿ ಹೇಳುವುದು ಶೈಸ್ತಾಳ ಕೆಲಸ. ಸೇರಿಸಬಾರದು, ಬಿಡಬಾರದು ಎಂದು ತರಬೇತಿಯಲ್ಲಿ ಕಲಿಸಿದ್ದರು. ಅವಳು ಅದನ್ನು ನಮಾಜಿನಷ್ಟೇ ನಿಷ್ಠೆಯಿಂದ ಪಾಲಿಸುತ್ತಿದ್ದಳು.

ಮೊದಲ ಪೇಚಾಟ ವಿಜ್ಞಾನದ ಸಂಘಪಾಲ ಸರ್ ಕ್ಲಾಸಿನಲ್ಲೇ ಆಯಿತು. ಪಾಠದ ನಡುವೆ ಅವರಿಗೆ ಫೋನು ಬಂತು. ಕಿಟಕಿ ಕಡೆ ತಿರುಗಿ ಹೆಂಡತಿಗೆ, "ನಿಮ್ಮಪ್ಪ ಔರಾದಿಂದ ಬಂದ್ರ, ನಾ ಟ್ರೇನಿಂಗಿಗಿ ಬೀದರಕ್ಕ ಹೋಗೀನಿ ಅಂತ ಹೇಳು" ಎಂದರು. ಕ್ಲಾಸಿಗೆಲ್ಲ ಅದು ಕೇಳಿಸಿತು. ಹಾಗಾಗಿ ಶೈಸ್ತಾಳ ಕೈ ಅದನ್ನೂ ಹೇಳಿತು. ಮಾಯಾ ಕೂಡಲೇ ಎದ್ದು ಬೆರಳಾಡಿಸಿದಳು.

"ಏನ್ ಕೇಳ್ಲತ್ತಾಳ್ರಿ ಮೇಡಂ? ಡೌಟ್ ಅದ ಏನು?" ಎಂದರು ಸರ್, ಸಂತೋಷದಿಂದ.

ಶೈಸ್ತಾ ಇದ್ದದ್ದನ್ನೇ ಹೇಳಿದಳು. "ನೀವು ಈಗ ಭಾಲ್ಕ್ಯಾಗ ಇದ್ದೀರೋ ಬೀದರದಾಗ ಇದ್ದೀರೋ ಅಂತ ಕೇಳ್ಲತ್ತಾಳ್ರಿ ಸರ್."

ಕ್ಲಾಸು ಬೆಂಚು ಬಡಿದು ನಕ್ಕಿತು. ಗಂಟೆ ಹೊಡೆದ ಮೇಲೆ ಸಂಘಪಾಲ ಸರ್ ಅವಳನ್ನು ಬಾಗಿಲಲ್ಲೇ ತಡೆದರು.

"ಮನಿ ಮಾತೂ ಹೇಳೋದೇನ್ರಿ ಮೇಡಂ?"

"ಕಿವಿ ಇದ್ದೋರಿಗಿ ಕೇಳಿಸಿದ್ದು ಆಕಿಗೂ ಕಾಣಿಸಬೇಕಲ್ರಿ ಸರ್. ಹೊರಗ ಹೋಗಿ ಮಾತಾಡಿದ್ರ ನಾ ಹೇಳ್ತಿದ್ದಿಲ್ಲರಿ."

ಅಂದಿನಿಂದ ಸರ್ ಫೋನು ಬಂದರೆ ಅಂಗಳಕ್ಕೆ ಓಡತೊಡಗಿದರು.

ದೊಡ್ಡ ಪೇಚಾಟ ಶುರುವಾದದ್ದು ಮಳೆಗಾಲ ಮುಗಿದ ಮೇಲೆ. ದಿನವೂ ಶೈಸ್ತಾಳ ಕೈ ನೋಡಿ ನೋಡಿ ಪಕ್ಕದ ಬೆಂಚಿನ ಆರತಿ ಅಕ್ಷರಗಳನ್ನು ಕಲಿತಳು. ಸಾಯಗಾಂವದ ದಿಲೀಪ ಅಂಕಿಗಳನ್ನು ಕಲಿತ, ಆಮೇಲೆ ಬೈಗುಳಗಳನ್ನೂ ಕಲಿತ. ಬೈಗುಳ ಕಲಿಸಿದವಳು ಮಾಯಾ. ವರ್ಷದ ಮೊದಲಲ್ಲಿ ಊಟದ ಬಿಡುವಿನಲ್ಲಿ ಒಬ್ಬಳೇ ಡಬ್ಬಿ ಬಿಚ್ಚುತ್ತಿದ್ದ ಹುಡುಗಿಯ ಸುತ್ತ ಈಗ ಅರ್ಧ ಕ್ಲಾಸು ಕೂರುತ್ತಿತ್ತು. ಅದನ್ನು ಕಂಡು ಶೈಸ್ತಾಳ ಕಣ್ಣು ತುಂಬಿದ್ದೂ ಉಂಟು.

ಆದರೆ ಮಕ್ಕಳು ಕ್ಲಾಸಿನಲ್ಲೂ ಕೈಯಲ್ಲೇ ಹರಟತೊಡಗಿದರು. ಸದ್ದೇ ಇಲ್ಲ. ಮುಖ್ಯೋಪಾಧ್ಯಾಯ ಅನೀಲಕುಮಾರ ಸರ್ ವರಾಂಡದಲ್ಲಿ ನಿಂತು, "ನೋಡ್ರಿ, ಸಂಘಪಾಲ ಸರ್ ಕ್ಲಾಸು ಅಂದ್ರ ಹಿಂಗಿರಬೇಕು" ಎಂದು ಉಳಿದವರಿಗೆ ತೋರಿಸಿದರು. ಸಂಘಪಾಲ ಸರ್ ಎದೆ ಉಬ್ಬಿಸಿದರು. ಒಳಗೆ ಸಂತೆಯಷ್ಟು ಗದ್ದಲ ನಡೆದಿರುವುದು ಗೊತ್ತಿದ್ದವಳು ಶೈಸ್ತಾ ಒಬ್ಬಳೇ.

ಕಿರುಪರೀಕ್ಷೆಯ ದಿನ ಮಕ್ಕಳು ಉತ್ತರಗಳನ್ನೂ ಕೈಯಲ್ಲೇ ಸಾಗಿಸಿದರು. ಶೈಸ್ತಾ ಕಿಟಕಿ ಆಚೆಯ ಬೇವಿನ ಮರ ನೋಡಿದಳು, ಸೂರಿನ ಜೇಡರ ಬಲೆ ನೋಡಿದಳು. ಆದರೂ ಕಣ್ಣಂಚಿನಲ್ಲಿ ಬೆರಳು ಆಡಿದರೆ ಅರ್ಥವಾಗದೆ ಇರುವುದು ಹೇಗೆ? ಹೇಳಿದರೆ ಮಕ್ಕಳ ಮೇಲೆ ಚಾಡಿ. ಹೇಳದಿದ್ದರೆ ಮೇಷ್ಟ್ರಿಗೆ ಮೋಸ. ಅನ್ನ ರುಚಿಸಲಿಲ್ಲ.

ರವಿವಾರ ಜುನೈದನನ್ನು ಕೇಳಿದಳು. ಮೊಬೈಲ್ ರಿಪೇರಿ ಮಾಡುತ್ತ ಕೂತಿದ್ದವನು ಸ್ಕ್ರೂಡ್ರೈವರ್ ಕೆಳಗಿಟ್ಟು ಕೈಯೆತ್ತಿದ. ಬಾಯಲ್ಲಿ ಪಿಸುಗುಟ್ಟಿದವರು ಮೇಷ್ಟ್ರ ಕೈಗೆ ಸಿಗುತ್ತಾರೆ, ಕೈಯಲ್ಲಿ ಪಿಸುಗುಟ್ಟಿದವರಿಗೆ ಮಾತ್ರ ಯಾಕೆ ಮಾಫಿ, ನಮ್ಮದೂ ಭಾಷೆ ಹೌದೋ ಅಲ್ಲವೋ ಎಂಬುದು ಅವನ ವಾದ.

ಶೈಸ್ತಾಗೆ ದಾರಿ ಕಂಡಂತಾಯಿತು. ಮುಂದಿನ ಪರೀಕ್ಷೆಗೆ ಮೊದಲೇ ಮಕ್ಕಳಿಗೆ ಎಚ್ಚರಿಕೆ ಕೊಟ್ಟಳು. "ನಾಳಿ ಯಾರ ಕೈ ಮಾತಾಡಿದ್ರೂ ನಾ ಬಾಯಿಲೆ ಹೇಳ್ತೇನಿ. ಮಾಯಾದು ಹೇಳ್ದಂಗ ನಿಮ್ದೂ."

"ಹೇಳ್ರಿ ಮೇಡಂ" ಎಂದು ದಿಲೀಪ ನಕ್ಕ.

ಮರುದಿನ ಪ್ರಶ್ನೆಪತ್ರಿಕೆ ಹಂಚಿ ಸ್ವಲ್ಪ ಹೊತ್ತಾಗಿತ್ತು. ಕೊನೆಯ ಬೆಂಚಿನಲ್ಲಿ ದಿಲೀಪನ ಬೆರಳು ಎದ್ದವು.

"ಎರಡನೇದರ ಉತ್ತರ ಏನು?" ಎಂದಳು ಶೈಸ್ತಾ, ಗಟ್ಟಿಯಾಗಿ.

ಸಂಘಪಾಲ ಸರ್ ತಲೆ ಎತ್ತಿದರು. "ನಿಮಗ್ಯಾಕ ಬೇಕ್ರಿ ಮೇಡಂ ಉತ್ತರ?"

"ನನಗಲ್ರಿ ಸರ್, ದಿಲೀಪಗ."

ಆರತಿಯ ಕೈ ಆಡಿತು. "ಮೇಡಂಗ ತಲಿ ಕೆಟ್ಟದ" ಎಂದಳು ಶೈಸ್ತಾ, ಅದೇ ದನಿಯಲ್ಲಿ. ದಿಲೀಪ ಗಾಬರಿಯಿಂದ ಕೈ ಬೀಸಿದ. "ಸುಮ್ಮನಿರು, ಆಕಿ ಎಲ್ಲಾ ಹೇಳ್ಲತ್ತಾಳ" ಎಂದು ಶೈಸ್ತಾ ಅದನ್ನೂ ಹೇಳಿದಳು. ಅಷ್ಟರಲ್ಲಿ ನಡುವಿನ ಬೆಂಚಿನಿಂದ ಯಾರದೋ ಕೈ ಉತ್ತರ ಕೊಟ್ಟೇ ಬಿಟ್ಟಿತು. ಶೈಸ್ತಾ ತಡೆದುಕೊಳ್ಳುವ ಮೊದಲೇ ಅವಳ ಬಾಯಿ, "ಸಿ ಅದ" ಎಂದಿತು.

ಇಡೀ ಕ್ಲಾಸು ಬಗ್ಗಿ 'ಸಿ' ಎಂದು ಬರೆಯಿತು. ಕೈಮಾತು ಬಾರದವರೂ ಬರೆದರು.

"ಅಯ್ಯೋ ಮೇಡಂ!" ಎಂದು ಸರ್ ಮೇಜು ಹಿಡಿದುಕೊಂಡರು. "ನಾಲ್ಕು ಮಂದಿ ನಕಲು ಮಾಡ್ತಿದ್ರು, ಈಗ ಎಲ್ಲರಿಗೂ ಮಾಡ್ಸಿದ್ರಲ್ರಿ!"

ಪತ್ರಿಕೆ ತಿದ್ದುವಾಗ ತಿಳಿಯಿತು, ಆ ಉತ್ತರ ತಪ್ಪು.

ಆದರೆ ಅಂದೇ ಸಂಘಪಾಲ ಸರ್ ಫರ್ಮಾನು ಹೊರಡಿಸಿದ್ದರು: ಕ್ಲಾಸಿನಲ್ಲಿ ಎಲ್ಲರೂ ಕೈಕಟ್ಟಿ ಕೂರಬೇಕು. ಎಲ್ಲರೂ ಅಂದರೆ ಮಾಯಾ ಕೂಡ. ಶೈಸ್ತಾ ಅಡ್ಡ ಬಂದು ಅವಳ ಕೈ ಬಿಡಿಸಿದಳು. ಆದರೆ ಬಿಡಿಸಿದ ಕೈಯಿಂದ ಮಾತಾಡಲು ಅವಳಿಗೆ ಜೊತೆಯವರೇ ಉಳಿದಿರಲಿಲ್ಲ. ಸಂಜೆ ಬಸ್ ನಿಲ್ದಾಣದಲ್ಲಿ ಮಾಯಾ ಶೈಸ್ತಾಳ ಮುಂದೆ ಬಂದು ನಿಂತಳು. ನೀವು ಪಗಾರಕ್ಕಾಗಿ ನನ್ನ ಜೊತೆ ಮಾತಾಡುತ್ತೀರಿ, ಅವರು ಸುಮ್ಮನೆ ಮಾತಾಡುತ್ತಿದ್ದರು ಎಂದು ಹೇಳಿ, ಉತ್ತರಕ್ಕೆ ಕಾಯದೆ ಬಸ್ಸು ಹತ್ತಿದಳು. ಶೈಸ್ತಾ ತನ್ನ ಬಸ್ಸು ತಪ್ಪಿಸಿಕೊಂಡು ಅಲ್ಲೇ ಕೂತಳು.

ಮರುದಿನ ಅನೀಲಕುಮಾರ ಸರ್ ಮುಂದೆ ಪಂಚಾಯತಿ.

"ನಕಲು ಮಾಡಿದ್ರ ನಕಲಿಗಿ ಶಿಕ್ಷಾ ಕೊಡ್ರಿ ಸರ್. ಬಾಯಿಲೆ ನಕಲು ಮಾಡಿದ್ರ ಕನ್ನಡ ಬಂದ್ ಮಾಡ್ತೀರೇನ್ರಿ?" ಎಂದಳು ಶೈಸ್ತಾ.

"ಕನ್ನಡ ನನಗ ತಿಳೀತದ್ರಿ, ಇದು ತಿಳೆಂಗಿಲ್ಲಲ್ರಿ!" ಎಂದರು ಸಂಘಪಾಲ ಸರ್.

"ಹಂಗಾರ ಕಲೀರಿ" ಎಂದರು ಅನೀಲಕುಮಾರ ಸರ್, ಫೈಲಿನಿಂದ ತಲೆ ಎತ್ತದೆ.

ಕಲಿಸುವ ಕೆಲಸಕ್ಕೆ ಶೈಸ್ತಾ ಮಾಯಾಳ ಹೆಸರು ಹೇಳಿದಳು. ಊಟದ ಬಿಡುವಿನಲ್ಲಿ ಪಾಠ ನಡೆಯಿತು. ಮಾಯಾ ಕರುಣೆ ತೋರಿಸಲಿಲ್ಲ. ಬೆರಳು ಸೊಟ್ಟಗಾದರೆ ಸರ್ ಮಣಿಕಟ್ಟು ಹಿಡಿದು ತಿರುವುತ್ತಿದ್ದಳು. ಕೈಕಟ್ಟುವ ಫರ್ಮಾನು ತಾನಾಗಿ ಸತ್ತುಹೋಯಿತು. ಪರೀಕ್ಷೆಯಲ್ಲಿ ಯಾರಾದರೂ ತಲೆ ಕೆರೆದುಕೊಂಡರೂ, "ಏ, ಏನಂದಿ ಈಗ?" ಎಂದು ಸರ್ ಓಡಿಬರುತ್ತಿದ್ದರಿಂದ ನಕಲು ಮಾಡುವುದು ಕಷ್ಟವಾಯಿತು.

ಮಾಯಾ ಶೈಸ್ತಾಳ ಜೊತೆ ಪಾಠ ಬಿಟ್ಟು ಬೇರೆ ಮಾತಾಡಲು ಬಹಳ ದಿನ ಹಿಡಿಯಿತು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಬೀದರಿನ ಬಸ್ಸು ದಾರಿಯಲ್ಲಿ ಪಂಕ್ಚರಾಗಿ ಶೈಸ್ತಾ ತಡವಾಗಿ ಬಂದಳು. ಪಾಠ ನಿಂತೇ ಹೋಗಿರಬೇಕು ಎಂದುಕೊಂಡು ಓಡಿದವಳು ಬಾಗಿಲಲ್ಲಿ ನಿಂತಳು. ಸಂಘಪಾಲ ಸರ್ ಪಾಠ ಮಾಡುತ್ತಿದ್ದರು. ಅವರ ಪಕ್ಕದಲ್ಲಿ, ಶೈಸ್ತಾಳ ಜಾಗದಲ್ಲಿ, ಆರತಿ ನಿಂತು ಮಾಯಾಗೆ ಕೈಯಲ್ಲಿ ಹೇಳುತ್ತಿದ್ದಳು. ಜೀವಕೋಶದ ಬಗ್ಗೆ ಅರ್ಧ ತಪ್ಪು. ಉಳಿದರ್ಧ ಪಾಠವೇ ಅಲ್ಲ: ಸರ್ ಇಂದು ಸ್ವೆಟರ್ ತಿರುವುಮುರುವು ಹಾಕಿಕೊಂಡಿದ್ದಾರೆ, ನೋಡು.

ಮಾಯಾ ನಗು ತಡೆಯಲು ಬಾಯಿಗೆ ದುಪಟ್ಟಾ ಒತ್ತಿಕೊಂಡಿದ್ದಳು. ಶೈಸ್ತಾಳನ್ನು ಕಂಡು, ಹಿಂದಿನ ಖಾಲಿ ಬೆಂಚು ತೋರಿಸಿ, ಸುಮ್ಮನೆ ಕೂತುಕೊಳ್ಳಿ ಎಂದಳು. ಶೈಸ್ತಾ ಚಪ್ಪಲಿ ಸದ್ದಾಗದಂತೆ ಹೋಗಿ ಕೂತಳು. ಸ್ವೆಟರು ನಿಜಕ್ಕೂ ತಿರುವುಮುರುವಾಗಿತ್ತು.