ತಂಗಿಯ ಬೊಜ್ಜಕ್ಕೆ ಎರಡು ಕಾಗದ

ನನ್ನ ತಂಗಿ ತೀರಿಕೊಂಡಾಗ ಅವಳ ಒಬ್ಬನೇ ಮಗ ಜೈಲಿನಲ್ಲಿದ್ದ. ಬೇಲಿ ಜಗಳದಲ್ಲಿ ನೆರೆಯವನೊಬ್ಬ ಸತ್ತಿದ್ದ. ಹೊಡೆದವರು ಯಾರೆಂಬ ವಿಚಾರಣೆ ಇನ್ನೂ ಶುರುವಾಗಿರಲಿಲ್ಲ. ನನಗೆ ವಿಚಾರಣೆ ಬೇಕೂ ಇರಲಿಲ್ಲ. ಬೆಟ್ಟಂಪಾಡಿಯಲ್ಲಿ ನಮ್ಮ ಮನೆಯ ಹೆಸರು ಹಾಳಾಗಿತ್ತು, ಅಷ್ಟು ಸಾಕಿತ್ತು.

ಪುತ್ತೂರಿನಲ್ಲಿ ಅವನಿಗೆ ಸರಕಾರದ ಕಡೆಯಿಂದ ಸಿಕ್ಕಿದ್ದ ವಕೀಲೆ ನನಗೆ ಫೋನ್ ಮಾಡಿದರು. "ದಹನಕ್ಕೆ ಬರ್ಲಿಕ್ಕೆ ಆಗ್ಲಿಲ್ಲ. ಬೊಜ್ಜಕ್ಕಾದ್ರೂ ಕರ್ಕೊಂಡು ಬರುವ. ಕೋರ್ಟಿಗೆ ತೋರಿಸ್ಲಿಕ್ಕೆ ಉತ್ತರಕ್ರಿಯೆಯ ಕಾಗದ ಒಂದು ಕೊಡಿ. ತಾಯಿಯ ಕ್ರಿಯೆ ಮಾಡುದು ಅವನ ಹಕ್ಕು."

ಹಕ್ಕಂತೆ! ಹಕ್ಕಿನ ಹಿಂದೆಯೇ ಪೊಲೀಸ್ ಜೀಪೂ ಅಂಗಳಕ್ಕೆ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲವೇ? ನನ್ನ ಮಗಳನ್ನು ಮದುವೆಗೆ ಕೇಳಿದ್ದ ಸುಳ್ಯದ ಕಡೆಯವರು ಬೊಜ್ಜಕ್ಕೆ ಬರುವವರಿದ್ದರು. ಹಾಗೆಂದು ಅವನು ಬರುವುದು ಬೇಡವೆಂದರೆ, ಸೋದರಮಾವನೇ ತಡೆದ ಎಂದು ಊರು ಆಡಿಕೊಳ್ಳುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಮ್ಮಲ್ಲಿ ಬೊಜ್ಜದ ಉತ್ತರಕ್ರಿಯೆ ಸತ್ತ ಹನ್ನೊಂದನೆಯ ದಿನಕ್ಕೂ ಆಗುತ್ತದೆ, ಹದಿಮೂರಕ್ಕೂ ಆಗುತ್ತದೆ. ಕಬಕದ ಪ್ರೆಸ್ಸಿನಲ್ಲಿ ಹನ್ನೊಂದನೆಯ ದಿನಕ್ಕೆ ಕರೆಯುವ ಕಾಗದ ಮುನ್ನೂರು ತೆಗೆಸಿದೆ. ಹದಿಮೂರನೆಯ ದಿನದ್ದು ಒಂದೇ ಒಂದು. ತಂಗಿಯ ಫೋಟೊ ಎರಡರಲ್ಲೂ ಅದೇ. ಆ ಒಂದನ್ನು ವಕೀಲೆಯ ಕೈಗೆ ನಾನೇ ಕೊಟ್ಟೆ. ಪಾಪ, ಅವರು ನನಗೆ ಥ್ಯಾಂಕ್ಸ್ ಹೇಳಿದರು.

ಹನ್ನೊಂದಕ್ಕೆ ಬೊಜ್ಜ ಚೆಂದವಾಗಿಯೇ ಆಯಿತು. ಅಂಗಳದ ತುಂಬ ಜನ. ಮಗ ಮಾಡಬೇಕಾದ ಕ್ರಿಯೆಯನ್ನು ನನ್ನ ತಮ್ಮನ ಮಗನಿಂದ ಮಾಡಿಸಿದೆ. "ಅವನನ್ನು ಬಿಡ್ಲಿಲ್ವಾ?" ಎಂದು ಕೇಳಿದವರಿಗೆ, "ಜೈಲಿನವರಿಗೆ ಕರುಣೆ ಎಲ್ಲಿ ಉಂಟು ಮಾರಾಯ್ರೆ" ಎಂದೆ. ಎಲ್ಲರೂ ಜೈಲಿನವರನ್ನು ಬೈದು ಊಟಕ್ಕೆ ಕೂತರು.

ಹದಿಮೂರಕ್ಕೆ ಬೆಳಗ್ಗೆ ಹತ್ತು ಗಂಟೆಗೆ ಜೀಪು ಬಂತು. ಶಾಮಿಯಾನದವರು ಕುರ್ಚಿಗಳನ್ನು ಪಿಕಪ್ಪಿಗೆ ತುಂಬುತ್ತಿದ್ದರು. ಅವನು ಇಳಿದ. ಕೈಗೆ ಕೋಳ ಇರಲಿಲ್ಲ. ಹಾಕಬಾರದೆಂದು ವಕೀಲೆ ಆದೇಶದಲ್ಲೇ ಬರೆಸಿದ್ದರಂತೆ. ಕ್ರಿಯೆಗೆಂದು ಜೈಲಿನಲ್ಲೇ ತಲೆ, ಮೀಸೆ ಬೋಳಿಸಿಕೊಂಡಿದ್ದ. ಬಿಳಿ ಪಂಚೆ ಉಟ್ಟಿದ್ದ. ಅದನ್ನು ತಂದುಕೊಟ್ಟದ್ದು ಜೊತೆಗೆ ಬಂದ ಪೊಲೀಸಿನವನು.

ಭಟ್ಟರು ದಿನ ಬದಲಿಸಿದರು ಎಂಬ ಸುಳ್ಳನ್ನು ನಾನು ತಯಾರು ಮಾಡಿ ಇಟ್ಟುಕೊಂಡಿದ್ದೆ. ಅದು ಬೇಕಾಗಲಿಲ್ಲ. ಅವನು ಖಾಲಿ ಅಂಗಳವನ್ನೂ ಪಿಕಪ್ಪಿನಲ್ಲಿದ್ದ ಕುರ್ಚಿಗಳನ್ನೂ ನೋಡಿದ.

"ಯಾರೂ ಬರ್ಲಿಲ್ವಾ ಮಾವ? ನಾನು ಬರ್ತೇನೆ ಅಂತ ಗೊತ್ತಾಗಿಯಾ?"

"ಹೌದು" ಎಂದೆ. ಆ ಕ್ಷಣ ನನಗಾದದ್ದು ಸಮಾಧಾನ, ಬೇರೇನೂ ಅಲ್ಲ.

ಸಂಜೆ ನಾಲ್ಕರವರೆಗೆ ಇರಲು ಕೋರ್ಟು ಬಿಟ್ಟಿತ್ತು. ಅವನು ಮೆಟ್ಟಿಲನ್ನೂ ಹತ್ತಲಿಲ್ಲ. "ನಾನು ಈಗಲೇ ಹೋಗ್ತೇನೆ. ನಾನು ಹೋದೆ ಅಂತ ಎಲ್ಲರಿಗೂ ಫೋನ್ ಮಾಡಿ ಮಾವ. ಜನ ಬರ್ಲಿ, ಅಮ್ಮನ ಬೊಜ್ಜ ಆಗ್ಲಿ" ಎಂದು ತಾನಾಗಿಯೇ ಜೀಪು ಹತ್ತಿದ.