ಹೊತ್ತು ಮುಳುಗುವ ಮುನ್ನ ಒಂದು ಶಾಟ್

೧೯೯೬ರಲ್ಲಿ ನಾನು ಚಿಕ್ಕೋಡಿಯಲ್ಲಿ ವಿಡಿಯೊ ಶೂಟಿಂಗ್ ಅಂಗಡಿ ಇಟ್ಟುಕೊಂಡಿದ್ದೆ. ರಾಯಬಾಗದಿಂದ ನಿಪ್ಪಾಣಿಯವರೆಗೆ ಮದುವೆ, ಕೂಸಿನ ಹೆಸರಿಡುವ ಬಾರಸೆ, ನಿವೃತ್ತಿ ಸತ್ಕಾರ, ಇಷ್ಟೇ ನನ್ನ ಕಸುಬು. ಅಕ್ಷತೆ ಬೀಳುವಾಗ ವಧೂವರರ ಸುತ್ತ ಹೃದಯಾಕಾರದ ಚೌಕಟ್ಟು ಮೂಡಿಸಿದರೆ ಬೀಗರು ಬೆನ್ನು ತಟ್ಟುತ್ತಿದ್ದರು. ಅಂಥವನ ಬಳಿ ಕಾಗವಾಡದ ಅಜಿತ ಬಂದು, ಹಾರ್ಡ್ ರಾಕ್ ಹಾಡಿಗೆ ಮ್ಯೂಸಿಕ್ ವಿಡಿಯೊ ಮಾಡಿಕೊಡಿ ಎಂದ.

ಅಜಿತ ಜೈನ ರೈತ ಮನೆತನದವನು, ಬಿ.ಕಾಂ. ಮುಗಿಸಿದ್ದ. ಅವನ ಅಕ್ಕನ ಮದುವೆಯನ್ನು ಶೂಟ್ ಮಾಡಿದವನು ನಾನೇ. ಮುಂಬೈಗೆ ಹೋಗಿ ಹಾಡುಗಾರನಾಗಬೇಕೆಂಬುದು ಅವನ ಹಟ. ಅಲ್ಲಿಗೆ ಹೋದ ಮಗ ಮನೆಯ ರೀತಿ-ನೀತಿ ಮರೆತುಬಿಡುತ್ತಾನೆ ಎಂಬುದು ತಂದೆ ಅಣ್ಣಾಸಾಹೇಬರ ಭಯ. ಕಡೆಗೆ ಅವರು ಒಂದು ಮಾತು ಕೊಟ್ಟಿದ್ದರು: "ಒಂದ ಹಾಡು ಮಾಡಿ ತೋರ್ಸು. ನನಗ ಸರಿ ಅನಿಸಿದ್ರ ಹೋಗು. ಇಲ್ಲಾಂದ್ರ ಸುಮ್ನ ನಮ್ಮ ಗೊಬ್ಬರದ ಅಂಗಡ್ಯಾಗ ಕುಂದ್ರು."

ಹಾಡಿನ ರೆಕಾರ್ಡಿಂಗ್ ಅಥಣಿಯಲ್ಲಿ, ಅಜಿತನ ಗೆಳೆಯನೊಬ್ಬನ ಮನೆಯ ಮಾಳಿಗೆಯಲ್ಲಿ ಆಯಿತು. ಹೊರಗಿನ ಸದ್ದು ಬರಬಾರದೆಂದು ಗೋಡೆ ತುಂಬ ಕೌದಿ ತೂಗುಹಾಕಿದ್ದರು. ಗಿಟಾರ್ ಮಿರಜಿನ ವಿಕ್ರಮನದು. ಅವನು ಒಂದು ಸಣ್ಣ ಪೆಟ್ಟಿಗೆಯನ್ನು ಕಾಲಿನಿಂದ ಒತ್ತಿದರೆ ಗಿಟಾರಿನ ದನಿ ಒಡೆದು ಗರ್ಜಿಸುತ್ತಿತ್ತು. ಅದಕ್ಕೆ ಡಿಸ್ಟಾರ್ಷನ್ ಎನ್ನುತ್ತಾರಂತೆ. ಸ್ಪೀಕರ್ ಹರಿದಿದೆ ಎಂದು ತಿಳಿದು ನಾನು ಪ್ಲಗ್ ಕಿತ್ತುಬಿಟ್ಟೆ! ಡ್ರಮ್ಮಿಗೆ ಕರೆತಂದವನು ಮದುವೆ ಬ್ಯಾಂಡಿನವನು. ನಡುನಡುವೆ ಅವನ ಕೈ ತಾನಾಗಿಯೇ ವರಾತದ, ಅಂದರೆ ಮದುವೆ ಮೆರವಣಿಗೆಯ, ಗತ್ತಿಗೆ ಹೊರಳುತ್ತಿತ್ತು. ಹಾಡಿನ ಪಲ್ಲವಿ ಮಾತ್ರ ನನಗೆ ಚೆನ್ನಾಗಿ ನೆನಪಿದೆ: "ಯಾರ ಮಾತಿಗೂ ನಿಲ್ಲಾಂವ ಅಲ್ಲ ನಾ!"

ಶೂಟಿಂಗ್ ನಡೆದದ್ದು ಕೃಷ್ಣೆಯ ದಂಡೆಯಲ್ಲಿ, ಅಜಿತನ ಮನೆಯವರದೇ ಕಬ್ಬು ಕಡಿದ ಹೊಲದಲ್ಲಿ. ಟೇಪ್‌ರೆಕಾರ್ಡರಿನಲ್ಲಿ ಹಾಡು ಹಚ್ಚುವುದು, ಅದಕ್ಕೆ ತಕ್ಕಂತೆ ಅಜಿತ ತುಟಿ ಆಡಿಸುವುದು. ಇದೇ ಪ್ಲೇಬ್ಯಾಕ್ ಪದ್ಧತಿ. ಬಿಸಿಲಿನಲ್ಲಿ ಕಪ್ಪು ಚರ್ಮದ ಜಾಕೆಟ್ ತೊಟ್ಟು ಅವನು ಬೆವೆತು ನೀರಾಗಿದ್ದ. ಕೊನೆಯ ಶಾಟ್ ಒಂದು ಉಳಿದಿತ್ತು. ಕೆಂಪು ಸೂರ್ಯನ ಮುಂದೆ ಅಜಿತ ಗಿಟಾರ್ ಎತ್ತಿ ಹಿಡಿದು ಕೂಗಬೇಕು. ಆ ಬೆಳಕು ಇರುವುದು ಸ್ವಲ್ಪವೇ ಹೊತ್ತು. ವಿಕ್ರಮ ಅಂದೇ ಗಿಟಾರ್ ಸಮೇತ ಮಿರಜಿಗೆ ಮರಳಬೇಕಿತ್ತು, ನನಗೆ ಮರುದಿನ ನಿಪ್ಪಾಣಿಯಲ್ಲಿ ಮದುವೆ. ತಪ್ಪಿದರೆ ತಪ್ಪಿತು.

ಸೂರ್ಯ ಹದಕ್ಕೆ ಬಂದ. ನಾನು ಕ್ಯಾಮೆರಾ ಚಾಲೂ ಮಾಡಿದೆ. ಅಷ್ಟರಲ್ಲಿ ಹೊಲದ ಬದುವಿನ ಮೇಲೆ ಅಜಿತನ ತಾಯಿ ಸುಶೀಲಾಬಾಯಿ, ಕೈಯಲ್ಲಿ ಬುತ್ತಿಗಂಟು. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಜೈನರ ಈ ನೇಮ ನನಗೂ ಗೊತ್ತಿತ್ತು, ಶೂಟಿಂಗ್ ಗಡಿಬಿಡಿಯಲ್ಲಿ ನೆನಪಾಗಲಿಲ್ಲ ಅಷ್ಟೇ.

"ಅಜ್ಯಾ, ಹೊತ್ತು ಹೊಂಟೈತಿ. ಉಣ್ಣ ಬಾ."

"ವೈನಿ, ಒಂದ ಶಾಟ್ ಐತ್ರಿ, ತಡೀರಿ," ಎಂದೆ.

"ನಾ ತಡೀತೀನ್ರಿ. ಸೂರ್ಯಾ ತಡೀತಾನೇನು?"

ಟೇಪ್‌ರೆಕಾರ್ಡರ್ "ಯಾರ ಮಾತಿಗೂ ನಿಲ್ಲಾಂವ ಅಲ್ಲ ನಾ" ಎಂದು ಅರಚುತ್ತಲೇ ಇತ್ತು. ಅಜಿತ ನಿಂತ. ಸೂರ್ಯನ ಕಡೆ ನೋಡಿದ, ತಾಯಿಯ ಕಡೆ ನೋಡಿದ. ಕೊರಳಲ್ಲಿ ಗಿಟಾರ್ ಇದ್ದ ಹಾಗೆಯೇ ಬದುವಿನ ಮೇಲೆ ಕುಳಿತು ರೊಟ್ಟಿ ಮುರಿದ. ವಿಕ್ರಮ "ಕಟ್, ಕಟ್!" ಎಂದು ಕೂಗಿದ. ನಾನು ಬಂದ್ ಮಾಡಲಿಲ್ಲ. ಮದುವೆಮನೆಯಲ್ಲಿ ಊಟದ ಪಂಕ್ತಿ ಶೂಟ್ ಮಾಡದೆ ಬಿಟ್ಟರೆ ಬೀಗರು ಜಗಳ ತೆಗೆಯುತ್ತಾರೆ. ಉಣ್ಣುವವರು ಕಂಡರೆ ಕ್ಯಾಮೆರಾ ತಾನಾಗಿ ಅತ್ತ ತಿರುಗುವುದು ನನಗೆ ರೂಢಿ. ಚರ್ಮದ ಜಾಕೆಟ್ಟಿನ ಹುಡುಗ ಗಬಗಬ ಉಣ್ಣುತ್ತಿದ್ದ. ತಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು, ಹೊತ್ತು ಇನ್ನೆಷ್ಟಿದೆ ಎಂದು ನೋಡುತ್ತಿದ್ದರು. ಕೊನೆಯ ತುತ್ತಿಗೆ ನೀರು ಕುಡಿದದ್ದೂ ಸೂರ್ಯ ಮುಳುಗಿದ್ದೂ ಕೂಡಿಯೇ ಆಯಿತು.

ಎಡಿಟಿಂಗಿನಲ್ಲಿ ಹಾಡಿಗೆ ಬೇರೆ ಕೊನೆ ಇರಲಿಲ್ಲ. ಆ ಶಾಟನ್ನೇ ಹಾಕಿ, ಕೆಳಗೆ ಗಿಟಾರಿನ ಗರ್ಜನೆ ಬಿಟ್ಟೆ. ಸುದ್ದಿ ಕೇಳಿ ವಿಕ್ರಮ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದ. ಅಜಿತನೂ ಅಳುಮುಖ ಮಾಡಿ, "ಕಾಕಾ, ನನ್ನ ಮುಂಬೈ ಮುಗೀತು," ಎಂದ. ಹುಡುಗನ ಬದುಕಿನ ಮಾತು ಅದು.

ಅಜಿತನ ಮನೆಯ ಪಡಸಾಲೆಯಲ್ಲಿ ಕ್ಯಾಸೆಟ್ ಹಚ್ಚಿದೆವು. ಅಣ್ಣಾಸಾಹೇಬರು ಮುಖ ಕಿವುಚಿಕೊಂಡೇ ನೋಡಿದರು. ಕೊನೆಯ ಶಾಟ್ ಬಂದಾಗ ಸುಶೀಲಾಬಾಯಿ, "ಅಯ್ಯ, ಮದಲ ಹೇಳಿದ್ರ ಚಲೋ ಸೀರಿ ಉಟ್ಕೊಂಡ ಬರತಿದ್ನಲ್ಲಾ!" ಎಂದರು. ಅಣ್ಣಾಸಾಹೇಬರು ನಗಲಿಲ್ಲ. ಅದಷ್ಟನ್ನೇ ಮತ್ತೊಮ್ಮೆ ಹಚ್ಚಿಸಿ ನೋಡಿದರು.

"ಹಾಡು ಒಂದೂ ತಿಳೀಲಿಲ್ಲ. ಕಿವಿ ಹರದ್ವು," ಎಂದರು. ಅಜಿತ ತಲೆ ತಗ್ಗಿಸಿದ. "ಆದ್ರ ಇಂಥಾ ಗದ್ದಲದಾಗೂ ಹೊತ್ತು ಮುಳುಗೂದ್ರಾಗ ಉಂಡಾನ. ಹೋಗಿ ಬರ್ಲಿ."

ಅಂದಿನಿಂದ ನಾನು ಯಾರಾದರೂ "ಕಟ್" ಎಂದ ಕೂಡಲೇ ಕ್ಯಾಮೆರಾ ಬಂದ್ ಮಾಡುವುದನ್ನು ಬಿಟ್ಟೆ. ನನ್ನ ಕಸುಬು ಕಲಿಸಿದ ಪಾಠ ಅದೊಂದೇ, ಸಾಕಷ್ಟು ಸಲ ಉಪಯೋಗಕ್ಕೂ ಬಂದಿದೆ.

ಅಜಿತ ಹೊರಟ ದಿನ ನಾನೂ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಬಸ್ಸು ಮರೆಯಾದ ಮೇಲೆ ಸುಶೀಲಾಬಾಯಿ ಕಣ್ಣೊರೆಸಿಕೊಂಡು ನನ್ನನ್ನು ಕೇಳಿದರು: "ಮುಂಬೈದಾಗ ಹೊತ್ತು ಎಷ್ಟಕ್ಕ ಮುಳಗತೈತ್ರಿ?"

ನನಗೆ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಎಂದೆ.